ತಿರುಗುವಾಗ ಮಾತ್ರ ಕೇಳುವ ಸದ್ದು

ಮೊನ್ನೆ ಬಂದ್ಯೋಡಿನ ಒಂದು ಅಂಗಡಿಯ ಎದುರು ನಿಂತು ಹಲಸಿನ ಹಣ್ಣೊಂದನ್ನು ಬೆರಳ ಗೆಣ್ಣಿನಿಂದ ಬಡಿದು, ಅದಕ್ಕೆ ಕಿವಿ ಆನಿಸಿ, ಮತ್ತೊಮ್ಮೆ ಬಡಿದು ನೋಡುತ್ತಿದ್ದೆ. ಅಂಗಡಿಯವನು ಸ್ವಲ್ಪ ಹೊತ್ತು ತಾಳ್ಮೆಯಿಂದ ಕಾದ. ಆಮೇಲೆ, "ಅದು ಎಂತ ಹೇಳ್ತದೆ ಟೀಚರ್?" ಎಂದು ಕೇಳಿದ. "ಇನ್ನು ಎರಡು ದಿನ ಬೇಕಂತೆ" ಎಂದು ನಾನು ಅಷ್ಟೇ ಗಂಭೀರವಾಗಿ ತೀರ್ಪು ಕೊಟ್ಟೆ. ಮನೆಗೆ ತಂದು ಎರಡು ದಿನ ಬಿಟ್ಟು ಕೊಯ್ದರೆ ಅರ್ಧ ಹಣ್ಣು ಕೊಳೆತಿತ್ತು, ಉಳಿದರ್ಧ ಇನ್ನೂ ಕಾಯಿ.

ಈ ಚಾಳಿ ನನಗೆ ಅಮ್ಮನಿಂದ ಬಂದದ್ದು. ಅಮ್ಮನಿಗೆ ಕಣ್ಣಿನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ, ಎಲ್ಲವನ್ನೂ ಕಿವಿಯಿಂದಲೇ ಪರೀಕ್ಷೆ ಮಾಡುವುದು. ಮಣ್ಣಿನ ಮಡಕೆಯನ್ನು ಬಡಿದು, ತೆಂಗಿನಕಾಯಿಯನ್ನು ಕುಲುಕಿ, ಗೇರುಬೀಜವನ್ನು ಮೊರದಲ್ಲಿ ಕೇರಿ, ಬಿಸಿಲಿಗಿಟ್ಟ ಹಪ್ಪಳವನ್ನು ಮುರಿದು, ಆ ಸದ್ದಿನ ಮೇಲೆ ಸಂಸಾರ ನಡೆಸಿದವಳು ಅವಳು. ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಅಪ್ಪ ಸಂಜೆ ಸೈಕಲಿನಲ್ಲಿ ಬರುತ್ತಿದ್ದರು. ಆ ಸೈಕಲಿನ ಚೈನ್ ಕವರು ಸಡಿಲವಾಗಿ, ಪೆಡಲ್ ಸುತ್ತಿದಾಗಲೆಲ್ಲ 'ಟಿಣ್-ಕರ್ರ್' ಎನ್ನುತ್ತಿತ್ತು. ಅದು ಇಗರ್ಜಿಯ ತಿರುವಿನಲ್ಲಿ ಕೇಳಿದ ಕೂಡಲೇ ಅಮ್ಮ ಕಾಫಿಗೆ ನೀರಿಡುತ್ತಿದ್ದಳು. ನಾವು ಮೂವರು ಮಕ್ಕಳು ಗೋಲಿಗಳನ್ನು ಬಾಳೆಬುಡಕ್ಕೆ ಎಸೆದು ಪುಸ್ತಕ ಹಿಡಿಯುತ್ತಿದ್ದೆವು. ಒಂದು ದಿನ ಅಪ್ಪನಿಗೆ ಏನು ಬುದ್ಧಿ ಬಂತೋ, ದಾರಿಯಲ್ಲಿ ಸೈಕಲ್ ರಿಪೇರಿ ಮಾಡಿಸಿಕೊಂಡು ಸದ್ದಿಲ್ಲದೆ ಬಂದುಬಿಟ್ಟರು. ಆ ಸಂಜೆ ನಮಗೆ ಬಿದ್ದ ಪೆಟ್ಟಿನ ಸದ್ದು ಇಗರ್ಜಿಯ ತಿರುವಿನ ತನಕ ಕೇಳಿರಬೇಕು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಕಳೆದ ವರ್ಷ ಓಣಂ ರಜೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಸದ್ದಿನ ವಿಚಾರಣೆ ನಡೆಯಿತು. ಕಿವಿಯ ಮೇಲೆ ಇಷ್ಟು ಜಂಬ ಇಟ್ಟುಕೊಂಡ ನಾನು ಅದರಲ್ಲಿ ಪೂರ್ತಿ ಬೇಸ್ತು ಬಿದ್ದೆ. ಸದ್ದು ನಮ್ಮ ಕಾರಿನದು. ಹತ್ತು ವರ್ಷ ಹಳೆಯ, ಬಿಳಿ ಬಣ್ಣದ, ಮಂಜೇಶ್ವರದ ಉಪ್ಪುಗಾಳಿಗೆ ಅಲ್ಲಲ್ಲಿ ಕಂದುಬಣ್ಣಕ್ಕೆ ತಿರುಗುತ್ತಿರುವ ಕಾರು. ಅದನ್ನು ನೋಡಿಕೊಳ್ಳುವವರು ನಮ್ಮ ಯಜಮಾನರಾದ ಫೆಲಿಕ್ಸ್. 'ನೋಡಿಕೊಳ್ಳುವುದು' ಎಂಬುದು ಸಣ್ಣ ಮಾತಾಯಿತು. ಆ ಕಾರಿಗೆ ಸಿಕ್ಕುವ ಉಪಚಾರದಲ್ಲಿ ಕಾಲು ಭಾಗ ನನಗೆ ಸಿಕ್ಕಿದ್ದರೆ ನನ್ನ ಮಂಡಿ ನೋವು ಎಂದೋ ಗುಣವಾಗುತ್ತಿತ್ತು.

ಫೆಲಿಕ್ಸ್ ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ನೀರಿನ ಟ್ಯಾಂಕರ್ ಓಡಿಸಿದವರು. ಮರಳಿನ ನಡುವೆ ಕೆಲಸ ಮಾಡುವವರಿಗೆ ನೀರು ಮುಟ್ಟಿಸುವುದು ಅವರ ಕೆಲಸ. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲ ಬೇರೆ ಗಾಡಿಗೆ ತಾಗಿಸಲಿಲ್ಲ ಎಂಬುದನ್ನು ನಮ್ಮ ಕಡೆಯ ಪ್ರತಿ ಮದುವೆಯ ಊಟದಲ್ಲೂ ಯಾರಿಗಾದರೂ ಒಬ್ಬರಿಗೆ ಹೇಳುತ್ತಾರೆ. ನಾನು ಆ ಕಾಲವೆಲ್ಲ ಊರಿನಲ್ಲಿ ಕನ್ನಡ ಟೀಚರ್. ನಮ್ಮ ಮನೆಮಾತು ಕೊಂಕಣಿ, ಸಂತೆಯಲ್ಲಿ ತುಳು, ಆಫೀಸಿನಲ್ಲಿ ಮಲಯಾಳ. ಆದ್ದರಿಂದ ನಾವಿಬ್ಬರು ಜಗಳವಾಡಿದ್ದನ್ನೆಲ್ಲ ನಿಮಗಾಗಿ ಕನ್ನಡಕ್ಕೆ ಇಳಿಸಿದ್ದೇನೆ. ಮೂಲದಲ್ಲಿ ಇನ್ನೂ ಸ್ವಲ್ಪ ಖಾರ ಇತ್ತು ಎಂದು ಇಟ್ಟುಕೊಳ್ಳಿ. ನಮ್ಮಲ್ಲಿ ಗಂಡನನ್ನು ಹೆಸರು ಹಿಡಿದು ಕರೆಯುವ ಕ್ರಮ ನನ್ನ ಕಾಲದವರಿಗೆ ಇಲ್ಲ. "ಕೇಳಿತಾ?" ಎಂದೇ ಕರೆಯುವುದು. ಮೂವತ್ತು ಚಿಲ್ಲರೆ ವರ್ಷ ಹೀಗೆ ಕರೆದರೂ ಸಾಧಾರಣವಾಗಿ ಅವರಿಗೆ ಕೇಳುತ್ತಿರಲಿಲ್ಲ. ಕಾರಿನ ಸದ್ದು ಮಾತ್ರ ಮೊದಲ ದಿನವೇ ಕೇಳಿತು.

ನಾನು ಡ್ರೈವಿಂಗ್ ಕಲಿತದ್ದು ರಿಟೈರ್ ಆದ ಮೇಲೆ. ಬಾಲ್ಯದಲ್ಲಿ ಅಪ್ಪನ ಸೈಕಲಿನ ಹಿಂದೆ, ಆಮೇಲೆ ಬಸ್ಸಿನಲ್ಲಿ, ಆಮೇಲೆ ಇವರ ಪಕ್ಕದಲ್ಲಿ, ಹೀಗೆ ಆಯುಷ್ಯವಿಡೀ ಯಾರೋ ನನ್ನನ್ನು ಎಲ್ಲಿಗೋ ಬಿಟ್ಟು ಬಂದಿದ್ದಾರೆ. ಒಮ್ಮೆ, ಒಂದೇ ಒಮ್ಮೆ, ಎಲ್ಲಿಗಾದರೂ ಒಬ್ಬಳೇ ಹೋಗಿ, ನಾನೇ ಕಾರಿನ ಬಾಗಿಲು ಹಾಕಿ, ಕೀ ಬ್ಯಾಗಿಗೆ ಹಾಕಿಕೊಂಡು ನಡೆಯಬೇಕು ಎಂಬುದು ನನ್ನ ಆಸೆ. ಕೇಳಲಿಕ್ಕೆ ಇಷ್ಟೇ. ಕೇರಳದಲ್ಲಿ ಲೈಸೆನ್ಸ್ ಬೇಕಾದರೆ ನೆಟ್ಟ ಕಂಬಗಳ ನಡುವೆ ಕಾರನ್ನು ಹಿಂದೆ ಮುಂದೆ ಮಾಡಿ, ಇಂಗ್ಲಿಷಿನ 'ಎಚ್' ಅಕ್ಷರದ ಆಕಾರದಲ್ಲಿ ಓಡಿಸಿ ತೋರಿಸಬೇಕು. ಮೂವತ್ತು ವರ್ಷ ಊರಿನ ಮಕ್ಕಳಿಂದೆಲ್ಲ ಅಕ್ಷರ ತಿದ್ದಿಸಿದ ನಾನು ಆ ಒಂದು ಅಕ್ಷರದಲ್ಲಿ ಎರಡು ಸಲ ಫೇಲಾದೆ. ಮೂರನೆಯ ಸಲ ಪಾಸಾದಾಗ ಇನ್‌ಸ್ಪೆಕ್ಟರಿಗೇ ನನಗಿಂತ ಹೆಚ್ಚು ಸಮಾಧಾನವಾದ ಹಾಗೆ ಕಂಡಿತು.

ಹಾಗಿರುವಾಗ ಕುಂಬ್ಡಾಜೆಯಿಂದ ಫೋನ್ ಬಂತು. ಅಲ್ಲಿಯ ಗುಡ್ಡದ ಮೇಲಿನ ಒಂದು ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿರುವ ಶೈಲಜಾ ನನ್ನ ಹಳೆಯ ಸಹೋದ್ಯೋಗಿ. "ಅಕ್ಕ, ನಮ್ಮ ಕನ್ನಡ ಟೀಚರ್ ಹೆರಿಗೆ ರಜೆಯಲ್ಲಿ ಇದ್ದಾರೆ. ಹತ್ತನೆಯ ಮಕ್ಕಳು ಗಾಳಿಗೆ ಬಿಟ್ಟ ಹಾಗಿದ್ದಾರೆ. ಮಂಗಳವಾರ, ಗುರುವಾರ ಎರಡೇ ದಿನ ಬರ್ತೀರಾ? ಓಣಂ ರಜೆ ಮುಗಿಯುದರ ಒಳಗೆ ಹೇಳ್ಬೇಕು, ಇಲ್ಲದಿದ್ರೆ ಬೇರೆ ಯಾರನ್ನಾದ್ರೂ ಹುಡುಕ್ಬೇಕು." ನಾನು ಯೋಚಿಸಲೇ ಇಲ್ಲ, ಬರುತ್ತೇನೆ ಎಂದೆ. ಮಂಜೇಶ್ವರದಿಂದ ಕುಂಬ್ಡಾಜೆಗೆ ಬಸ್ಸಿನಲ್ಲಿ ಹೋಗಬೇಕಾದರೆ ಎರಡು ಕಡೆ ಇಳಿದು ಹತ್ತಬೇಕು. ಹೋಗಿ ಮುಟ್ಟುವಾಗ ಮಕ್ಕಳ ಊಟದ ಬೆಲ್ ಆಗುತ್ತದೆ. ಕಾರು ಇರುವಾಗ ಬಸ್ಸು ಯಾಕೆ?

"ನಾನು ಬಿಟ್ಟು ಬರ್ತೇನೆ" ಎಂದರು ಫೆಲಿಕ್ಸ್. "ಸಂಜೆವರೆಗೆ ಅಲ್ಲೇ ಎಲ್ಲಾದರೂ ಕೂರ್ತೇನೆ."

"ಬೇಡ. ನಾನೇ ಹೋಗ್ತೇನೆ, ಒಬ್ಬಳೇ."

ಅವರು ಬೇಡ ಎನ್ನಲಿಲ್ಲ. ನಮ್ಮವರು ಯಾವುದಕ್ಕೂ ಬೇಡ ಎನ್ನುವ ಜನವಲ್ಲ. "ಹೋಗು, ಯಾರು ಬೇಡ ಹೇಳಿದ್ದು? ಒಂದು ವಾರ ನಾನು ಪಕ್ಕದಲ್ಲಿ ಕೂತು ನೋಡ್ತೇನೆ, ಆಮೇಲೆ ಹೋಗು" ಎಂದರು. ಮರುದಿನ ಬೆಳಿಗ್ಗೆ ನಾನು ಸ್ಟಿಯರಿಂಗ್ ಹಿಡಿದೆ, ಅವರು ಎಡಗಡೆ ಕೂತರು. ನಮ್ಮ ಓಣಿ ಮುಗಿದು ರಸ್ತೆಗೆ ತಿರುಗುವಲ್ಲಿ ಎಲ್ಲಿಂದಲೋ 'ಕಟಕ್' ಎಂದು ಕೇಳಿತು. ತಿರುಗಿ ಆದ ಮೇಲೆ, ಸ್ವಲ್ಪ ಮೆಲ್ಲಗೆ, ಇನ್ನೊಂದು 'ಟಕ್'.

"ಕೇಳಿತಾ?" ಎಂದರು ಅವರು. ನಮ್ಮ ಮದುವೆಯ ನಂತರ ಆ ಮಾತನ್ನು ಅವರು ನನಗೆ ಹೇಳಿದ್ದು ಅದೇ ಮೊದಲು.

ಕೇಳದೆ ಏನು! ಸ್ಪಷ್ಟವಾಗಿ ಕೇಳಿತು. ಮುಂದಿನ ತಿರುವಿನಲ್ಲೂ ಕೇಳಿತು. ನೇರ ರಸ್ತೆಯಲ್ಲಿ ಇಲ್ಲ, ತಿರುವಿನಲ್ಲಿ ಮಾತ್ರ. ಮನೆಗೆ ಬಂದು ಅವರೇ ಸ್ಟಿಯರಿಂಗ್ ಹಿಡಿದು ಅದೇ ದಾರಿಯಲ್ಲಿ ಹೋದರೆ ಏನೂ ಇಲ್ಲ, ಕಾರು ಮದುಮಗಳ ಹಾಗೆ ಬಾಯಿಮುಚ್ಚಿ ತಿರುಗಿತು. ಅವರು ಕೀಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. "ಇದು ಎಂತ ಅಂತ ಗೊತ್ತಾಗದೆ ನಿನ್ನನ್ನು ಗುಡ್ಡದ ದಾರಿಗೆ ಕಳಿಸಲಿಕ್ಕೆ ಆಗುದಿಲ್ಲ" ಎಂದರು. ಅಲ್ಲಿಗೆ ನನ್ನ ಕುಂಬ್ಡಾಜೆ ಆ ಕಟಕ್‌ಗೆ ಕಟ್ಟುಬಿತ್ತು.

ವಿಚಾರಣೆ ಶುರುವಾಯಿತು. ಮೊದಲು ಡಿಕ್ಕಿ. ನಮ್ಮ ಕಡೆ ಯಾರ ಮನೆಗೆ ಹೋದರೂ ಬರಿಗೈಯಲ್ಲಿ ಕಳಿಸುವುದಿಲ್ಲವಷ್ಟೆ? ಆದ್ದರಿಂದ ನಮ್ಮ ಕಾರುಗಳ ಡಿಕ್ಕಿ ಎಂದರೆ ಅರ್ಧ ಉಗ್ರಾಣ. ನಮ್ಮದರಲ್ಲಿ ಎರಡು ತೆಂಗಿನಕಾಯಿ, ಎಂದೋ ಒಣಗಿದ ಒಂದು ನೇಂದ್ರ ಬಾಳೆಕಾಯಿ, ಯಾರದೋ ಮನೆಯ ಉಪ್ಪಿನಕಾಯಿ ಭರಣಿಯ ಮುಚ್ಚಳ, ನಾನು ಮೂರು ತಿಂಗಳಿಂದ ಹುಡುಕುತ್ತಿದ್ದ ಕೊಡೆ ಸಿಕ್ಕಿದವು. ಎಲ್ಲವನ್ನೂ ತೆಗೆದು ಗುಡಿಸಿ ಹೊರಟೆವು. ಮೊದಲ ತಿರುವಿನಲ್ಲೇ ಕಟಕ್. ಆಮೇಲೆ ಫೆಲಿಕ್ಸ್ ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಲು ಕೂತರು. ಎರಡು ದಿನ ನಮ್ಮ ಊಟದ ಮೇಜಿನಲ್ಲಿ ಬೇರಿಂಗ್, ಬುಶ್, ಆಕ್ಸಿಲ್ ಎಂಬ ಮಾತಲ್ಲದೆ ಬೇರೆ ಮಾತಿಲ್ಲ. ಅಂಗಳದಲ್ಲಿ ಗೋಣಿ ಹಾಸಿ ಕಾರಿನಡಿಗೆ ಹೋಗಿ ಮಲಗಿದರು. ಎರಡು ಕಾಲು ಮಾತ್ರ ಹೊರಗೆ. ನಾನು ಕಾಫಿ ಒಯ್ದು ಆ ಕಾಲುಗಳ ಹತ್ತಿರ ಇಟ್ಟು ಬಂದೆ. ದಾರಿಯಲ್ಲಿ ಹೋಗುವವರೆಲ್ಲ ಗೇಟಿನಲ್ಲಿ ನಿಂತು ಸದ್ದು ಹೇಗೆ ಎಂದು ವಿಚಾರಿಸುವುದು, ನಾನು ಬಾಯಿಯಿಂದ ಮಾಡಿ ತೋರಿಸುವುದು. ಎರಡು ದಿನದಲ್ಲಿ ನಾನು ಕಟಕ್ ಎನ್ನುವುದರಲ್ಲಿ ಎಷ್ಟು ಪಳಗಿದೆನೆಂದರೆ ಕಾರೇ ಬೇಡವಾಗಿತ್ತು.

ಕೊನೆಗೆ ಬಂದ್ಯೋಡಿಗೆ, ಹಮೀದನ ಗ್ಯಾರೇಜಿಗೆ ಹೋದೆವು. ಹಮೀದ್ ನನ್ನ ವಿದ್ಯಾರ್ಥಿ. ಈಗ ಅವನಿಗೂ ತಲೆ ನರೆತಿದೆ. ಹಿಂದಿನ ಬೆಂಚಿನಲ್ಲಿ ಕೂತು ಕಿಟಕಿಯಿಂದ ಹೊರಗೆ ನೋಡುತ್ತಿದ್ದ ಹುಡುಗ. "ನಿನಗೆ ಕಿವಿ ಉಂಟಾ ಇಲ್ವಾ?" ಎಂದು ನಾನು ಎಷ್ಟು ಸಲ ಬೈದಿದ್ದೇನೋ. ಈಗ ಅವನು ಕಣ್ಣುಮುಚ್ಚಿ ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತಾನೆ ಎಂದು ಕುಂಬಳೆಯಿಂದ ತಲಪಾಡಿಯ ತನಕ ಹೆಸರು. ಅವನು ಆಗ ಕಿಟಕಿಯಿಂದ ಹೊರಗೆ ಕೇಳುತ್ತಿದ್ದದ್ದು ರಸ್ತೆಯ ಲಾರಿಗಳನ್ನು ಎಂದು ನನಗೆ ಯಾರೂ ಹೇಳಿರಲಿಲ್ಲ.

"ಎಂತ ಟೀಚರ್, ಗಾಡಿಗೆ ಎಂತ ಆಯ್ತು?" ಎಂದ. ನಾನು ಕಟಕ್-ಟಕ್ ಮಾಡಿ ತೋರಿಸಿದೆ. ಅವನು ನಗಲಿಲ್ಲ, ಒಳ್ಳೆಯ ಹುಡುಗ. ಕಾರನ್ನು ಹತ್ತಿರದ ಖಾಲಿ ಜಾಗಕ್ಕೆ ಒಯ್ದು ಬಲಕ್ಕೆ ನಾಲ್ಕು ಸುತ್ತು, ಎಡಕ್ಕೆ ನಾಲ್ಕು ಸುತ್ತು ಹೊಡೆದ. ಏನೂ ಇಲ್ಲ. ಫೆಲಿಕ್ಸ್ ಹೊಡೆದರು. ಏನೂ ಇಲ್ಲ. "ನೀವೊಮ್ಮೆ ಬಿಡಿ ಟೀಚರ್" ಎಂದು ಹಮೀದ್ ನನ್ನ ಪಕ್ಕ ಕೂತ. ಫೆಲಿಕ್ಸ್ ಹೊರಗೆ ನಿಂತು ಚಕ್ರಗಳಿಗೆ ಕಿವಿಕೊಟ್ಟರು. ನಾನು ಸುತ್ತಿದೆ, ಸುತ್ತಿದೆ, ನನಗೇ ತಲೆ ಸುತ್ತುವ ತನಕ ಸುತ್ತಿದೆ. ಡಾಕ್ಟರ ಎದುರು ಮಾತ್ರ ಕೆಮ್ಮದ ಮಗುವಿನ ಹಾಗೆ ಕಾರು ಕಮಕ್ ಕಿಮಕ್ ಎನ್ನಲಿಲ್ಲ.

"ಟೀಚರ್, ಗಾಡಿಯಲ್ಲಿ ಎಂತ ಇಲ್ಲ" ಎಂದ ಹಮೀದ್.

ಈಗ ನಮ್ಮ ಹೈವೇ ನಿಮಗೆ ಗೊತ್ತಲ್ಲ. ಆರು ಲೇನಾದ ಮೇಲೆ ಬಲಕ್ಕೆ ಹೋಗಬೇಕಾದವರು ಮೊದಲು ಎಡಕ್ಕೆ ಹೋಗಬೇಕು. ಸರ್ವಿಸ್ ರೋಡಿನಲ್ಲಿ ದೂರ ಹೋಗಿ, ಅಂಡರ್‌ಪಾಸಿನಲ್ಲಿ ನುಗ್ಗಿ, ಹೊಟ್ಟೆಯೊಳಗೆ ಹೊಕ್ಕು ಬೆನ್ನಿನಿಂದ ಹೊರಬಂದ ಹಾಗೆ ಆಚೆ ಬದಿಗೆ ಬರಬೇಕು. ಗ್ಯಾರೇಜಿನಿಂದ ಮನೆಗೆ ಮರಳುವಾಗ ನಾನು ಸ್ಟಿಯರಿಂಗ್ ಹಿಡಿದಿದ್ದೆ, ಫೆಲಿಕ್ಸ್ ಎಡಗಡೆ. ಅಂಡರ್‌ಪಾಸಿಗೆ ತಿರುಗಿದೆ. ಕಟಕ್!

"ನೋಡಿದಿಯಾ?" ಎಂದರು. ಸಿಟ್ಟಿನಿಂದಲ್ಲ, ಪಾಪ ಎಂಬ ಸ್ವರದಲ್ಲಿ. "ಹಮೀದನ ಎದುರು ನೀನು ಜಾಗ್ರತೆಯಲ್ಲಿ ತಿರುಗಿಸಿದ್ದು. ಗಾಡಿಯಲ್ಲಿ ಎಂತ ಇಲ್ಲ ಸೆವ್ರಿನ್. ನಿನ್ನ ಕೈಯಲ್ಲಿ ಉಂಟು."

ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಆ 'ಪಾಪ' ಎಂಬ ಸ್ವರ ಕೇಳಿ ಗಾಡಿಯನ್ನು ಇನ್ನೂ ಮೆಲ್ಲಗೆ ಬಿಟ್ಟೆ. ಲೆಕ್ಕ ಸರಿಯಾಗಿಯೇ ಇತ್ತಲ್ಲ? ಅವರು ಓಡಿಸಿದರೆ ಇಲ್ಲ, ಹಮೀದ್ ಓಡಿಸಿದರೆ ಇಲ್ಲ, ನಾನು ಓಡಿಸಿದರೆ ಉಂಟು. ಎರಡು ಸಲ ಫೇಲಾದವಳು ನಾನೇ ತಾನೇ. ಮನೆಗೆ ಬಂದು ಗಂಜಿಯ ನೀರು ಬಸಿಯುತ್ತಾ ನನ್ನ ಕೈಗಳನ್ನೇ ನೋಡಿದೆ. ಅಳು ಬಂತು, ಸುಳ್ಳು ಯಾಕೆ ಹೇಳಲಿ. ಶೈಲಜಾಳಿಗೆ ಆಗುವುದಿಲ್ಲ ಎಂದು ಹೇಳಿಬಿಡುವ ಎಂದು ಫೋನ್ ತೆಗೆದೆ. ಅವಳಿಗೆ ಏನು ಕಾರಣ ಹೇಳುವುದೆಂದು ಹೊಳೆಯದೆ ಪುನಃ ಇಟ್ಟೆ. ತಿರುವಿನಲ್ಲಿ ಕಟಕ್ ಎನ್ನುತ್ತದೆ, ಆದ್ದರಿಂದ ಮಕ್ಕಳಿಗೆ ಹಳಗನ್ನಡ ಹೇಳಿಕೊಡಲು ಬರಲಾಗುವುದಿಲ್ಲ ಎಂದು ಯಾರಿಗಾದರೂ ಹೇಳಲಿಕ್ಕಾಗುತ್ತದೆಯೆ?

ಮರುದಿನ ಮಧ್ಯಾಹ್ನ ಫೆಲಿಕ್ಸ್ ಊಟ ಮಾಡಿ ಮಲಗಿದರು. ಅಂಗಿ ಮೊಳೆಯಲ್ಲಿ ತೂಗುತ್ತಿತ್ತು, ಕೀ ಜೇಬಿನಲ್ಲಿ. ಅರುವತ್ತರ ಹತ್ತಿರದ ಹೆಂಗಸು ಗಂಡನ ಜೇಬಿನಿಂದ ಕದ್ದಳು ಎಂದು ನೀವು ನಗಬಹುದು, ನಗಿ. ಕಾರನ್ನು ಸ್ಟಾರ್ಟ್ ಮಾಡದೆ ಇಳಿಜಾರಿನಲ್ಲಿ ಗೇಟಿನ ತನಕ ಜಾರಿಸಿ, ಅಲ್ಲಿ ಸ್ಟಾರ್ಟ್ ಮಾಡಿದೆ. ಓಣಿಯ ತಿರುವಿನಲ್ಲಿ ಕಿವಿ ನಿಮಿರಿಸಿದೆ. ಇಲ್ಲ. ರಸ್ತೆಯ ತಿರುವಿನಲ್ಲಿ? ಇಲ್ಲ. ಬೇಕೆಂದೇ ರಪ್ಪನೆ ತಿರುಗಿಸಿದೆ. ಇಲ್ಲವೇ ಇಲ್ಲ! ನೇರ ಬಂದ್ಯೋಡಿಗೇ ಹೋದೆ.

"ಹಮೀದಾ, ನಾನು ಒಬ್ಬಳೇ ಇದ್ರೆ ಸದ್ದು ಬರುದಿಲ್ಲ."

ಹಮೀದ್ ಕೈಯನ್ನು ಹಳೆ ಬಟ್ಟೆಗೆ ಒರಸಿಕೊಂಡ. "ಹಾಗಾದ್ರೆ ನಾಳೆ ಫೆಲಿಕ್ಸಣ್ಣನನ್ನು ಕರ್ಕೊಂಡು ಬನ್ನಿ ಟೀಚರ್. ಅವರು ಎದುರೇ ಕೂರಲಿ. ನಾನು ಹಿಂದೆ ಕೂರ್ತೇನೆ" ಎಂದ.

ಮರುದಿನ ಹಾಗೆಯೇ ಕೂತೆವು. ಹಮೀದ್ ಹಿಂದಿನ ಸೀಟಿನಲ್ಲಿ ಕೂತವನು ಹೊರಗೆ ಕಿವಿಕೊಡಲಿಲ್ಲ. ಎರಡು ಸೀಟುಗಳ ನಡುವೆ ಬಗ್ಗಿ ಕೆಳಗೆ ನೋಡತೊಡಗಿದ. ನಾನು ತಿರುಗಿಸಿದೆ. ಕಟಕ್. "ಇನ್ನೊಮ್ಮೆ ಟೀಚರ್." ಕಟಕ್. "ಇನ್ನೊಂದೇ ಸಲ, ಸ್ವಲ್ಪ ಜೋರು." ಕಟಕ್-ಟಕ್! "ಸಾಕು, ನಿಲ್ಲಿಸಿ."

ಇಳಿದು, ಎಡಬದಿಯ ಬಾಗಿಲು ತೆರೆದು, ಫೆಲಿಕ್ಸರನ್ನು ಇಳಿಸಿ, ಅವರು ಕೂತಿದ್ದ ಸೀಟನ್ನು ಎರಡು ಕೈಯಿಂದ ಹಿಂದಕ್ಕೆ ನೂಕಿದ. ಕಟಕ್ ಎಂದಿತು. ಮುಂದಕ್ಕೆ ಎಳೆದ. ಟಕ್.

"ಸೀಟಿನ ಲಾಕ್ ಸವೆದಿದೆ ಅಣ್ಣ, ಅಷ್ಟೆ. ಹತ್ತು ನಿಮಿಷದ ಕೆಲಸ."

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದವರು ಬಿಟ್ಟಾರೆಯೇ? "ಅದು ಸರಿ ಹಮೀದ್. ಆದ್ರೆ ತಿರುಗುವಾಗ ಮಾತ್ರ ಯಾಕೆ? ಇವಳು ಓಡಿಸುವಾಗ ಮಾತ್ರ ಯಾಕೆ?"

ಹಮೀದ್ ನನ್ನ ಮುಖ ನೋಡಿದ. ನನಗೂ ಆಗ ಗೊತ್ತಾಗಿರಲಿಲ್ಲ, ಆದ್ದರಿಂದ ಸಹಾಯ ಮಾಡುವ ಹಾಗಿರಲಿಲ್ಲ. ಅವನು ಬಗ್ಗಿ ಎಡಬದಿಯ ಕಾಲಡಿಯ ಮ್ಯಾಟನ್ನು ತೆಗೆದು ಬಿಸಿಲಿಗೆ ಹಿಡಿದ. ಬಲಗಾಲಿನ ಹಿಮ್ಮಡಿ ಬರುವಲ್ಲಿ ಮ್ಯಾಟು ಸವೆದು, ನಡುವೆ ಒಂದು ರೂಪಾಯಿಯಷ್ಟು ತೂತು ಬಿದ್ದಿತ್ತು.

"ಫೆಲಿಕ್ಸಣ್ಣ, ನೀವು ತಿರುವಿನಲ್ಲಿ ಬ್ರೇಕ್ ಒತ್ತುದು ಒಳ್ಳೇದೇ" ಎಂದ ಹಮೀದ್, ಹಿರಿಯರಿಗೆ ಕೊಡಬೇಕಾದ ಮರ್ಯಾದೆಯನ್ನೆಲ್ಲ ಸ್ವರದಲ್ಲಿ ತುಂಬಿ. "ಆದ್ರೆ ಈ ಬದಿಯಲ್ಲಿ ಕಂಪೆನಿಯವರು ಪೆಡಲ್ ಕೊಡ್ಲಿಲ್ಲ."

ನನಗೆ ನಗು ಒತ್ತರಿಸಿ ಬಂತು. ಗಲ್ಫಿನಲ್ಲಿ ಸ್ಟಿಯರಿಂಗ್ ಎಡಗಡೆ! ಇಪ್ಪತ್ತೆರಡು ವರ್ಷ ಎಡಗಡೆ ಕೂತು ಓಡಿಸಿದ ದೇಹ, ಎಡಗಡೆ ಕೂತ ಕೂಡಲೇ ಡ್ಯೂಟಿಗೆ ಹಾಜರು. ಇವರು ನನ್ನ ಪಕ್ಕದಲ್ಲಿ ಕೂತು ಟ್ಯಾಂಕರ್ ಓಡಿಸುತ್ತಿದ್ದರು. ತಿರುವು ಬಂದಾಗ ನೆಲಕ್ಕೆ ಕಾಲು ಊರಿ ಒತ್ತಿದರೆ ಬೆನ್ನು ಹಿಂದಕ್ಕೆ ನೂಕುತ್ತದೆ, ಸೀಟು ಕಟಕ್ ಎನ್ನುತ್ತದೆ; ತಿರುವು ದಾಟಿ ಕಾಲು ಸಡಿಲಿಸಿದರೆ ಟಕ್. ಸ್ವತಃ ಓಡಿಸುವಾಗ ಅವರಿಗೆ ನಿಜವಾದ ಬ್ರೇಕ್ ಉಂಟು. ಇದಕ್ಕಾಗಿ ಆ ಬಡ ಕಾರಿನ ನಾಲ್ಕು ಚಕ್ರಗಳನ್ನೂ ನನ್ನ ಎರಡು ಕೈಗಳನ್ನೂ ಸಂಶಯಪಟ್ಟದ್ದು! ನಗುತ್ತಾ ಇವರ ಕಡೆ ನೋಡಿದೆ. ಅವರು ಆ ಮ್ಯಾಟಿನ ತೂತನ್ನೇ ನೋಡುತ್ತಿದ್ದರು. ನನ್ನ ನಗು ಹಾಗೇ ನಿಂತಿತು.

ಲಾಕ್ ಸರಿಮಾಡಿಸಿ ಮನೆಗೆ ಮರಳುವಾಗ ಸೀಟು ಮೂಕವಾಗಿತ್ತು. ಉಪ್ಪಳ ದಾಟಿದ ಮೇಲೆ, ನಾನು ಕೇಳದೆಯೇ ಅವರು ಹೇಳಿದರು.

"ಟ್ಯಾಂಕ್ ತುಂಬ ಇದ್ರೆ ಹೆದರಿಕೆ ಇಲ್ಲ. ಖಾಲಿ ಇದ್ರೂ ಇಲ್ಲ. ಅರ್ಧ ಇರುವಾಗ ಮಾತ್ರ. ಗಾಡಿ ತಿರುಗ್ತದೆ, ನೀರು ತಿರುಗುದಿಲ್ಲ. ಅದು ನೇರ ಹೋಗ್ತದೆ, ಗಾಡಿಯನ್ನೂ ಎಳ್ಕೊಂಡು ಹೋಗ್ತದೆ. ನನ್ನ ಎದುರಿನ ಗಾಡಿಯೇ ಹಾಗೆ ಮಗುಚಿದ್ದು. ನಮ್ಮ ರೂಮಿನವ ಓಡಿಸ್ತಾ ಇದ್ದದ್ದು. ಬೆಳಿಗ್ಗೆ ನಾವಿಬ್ಬರು ಒಟ್ಟಿಗೆ ಚಾ ಕುಡಿದು ಹೊರಟಿದ್ದೆವು."

"ಯಾವಾಗ?"

"ಮಗಳು ಹುಟ್ಟಿದ ವರ್ಷ."

"ನೀವು ಕಾಗದದಲ್ಲಿ ಬರೀಲೇ ಇಲ್ವಲ್ಲ!"

"ಬರೆದು ಎಂತ ಮಾಡುದು? ನೀನು ಊರಲ್ಲಿ ಒಬ್ಬಳೇ."

ಆ ವರ್ಷದ ಕಾಗದಗಳೆಲ್ಲ ಈಗಲೂ ನನ್ನ ಹತ್ತಿರ ಉಂಟು. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ. ನಾನು ಸೌಖ್ಯ, ಇಲ್ಲಿ ಸೆಕೆ ಜೋರು, ಮಗುವಿಗೆ ಮುತ್ತು. ನಾನು ಟೀಚರಲ್ಲವೆ? ಒಂದೊಂದು ಕಾಗದವನ್ನೂ ಓದುತ್ತಾ ಒತ್ತಕ್ಷರದ ತಪ್ಪುಗಳನ್ನು ಎಣಿಸಿ ಒಬ್ಬಳೇ ನಗುತ್ತಿದ್ದೆ. ಇಷ್ಟು ದೊಡ್ಡದೊಂದನ್ನು ಅವರು ಬರೆಯದೆ ನುಂಗಿದ್ದು ನನಗೆ ಗೊತ್ತೇ ಆಗಲಿಲ್ಲ. ನನ್ನ ಮೇಲೆ ನನಗೇ ನಾಚಿಕೆಯಾಯಿತು. ಅವರ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಬಂತು. ಯಾವುದನ್ನು ಮೊದಲು ಹೇಳುವುದೆಂದು ತಿಳಿಯದೆ, "ಮೀನು ತೆಕ್ಕೊಳ್ಳುವುದಾ?" ಎಂದು ಕೇಳಿದೆ.

"ತೆಕ್ಕೊಳ್ಳುವ" ಎಂದರು.

ಆ ರಾತ್ರಿ ಊಟಕ್ಕೆ ಕೂರುವಾಗ ಕೀ ನನ್ನ ಬಟ್ಟಲಿನ ಪಕ್ಕದಲ್ಲಿತ್ತು. ಬಂಗುಡೆ ಚೆನ್ನಾಗಿತ್ತು, ಅದರ ಬಗ್ಗೆ ಮಾತಾಡಿದೆವು.

ರಜೆ ಮುಗಿದ ಮೇಲಿನ ಮಂಗಳವಾರ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಫೆಲಿಕ್ಸ್ ಕಾರು ತೊಳೆದು, ಟಯರಿಗೆ ಗಾಳಿ ನೋಡಿ, ಗಾಜು ಒರಸಿ ಆಗಿತ್ತು. ಎಡಬದಿಯ ಸೀಟಿನ ಮೇಲೆ ನೀರಿನ ಬಾಟಲಿ, ಬುತ್ತಿ, ಕೊಡೆ ಇಟ್ಟಿದ್ದರು. ನಾನು ಒಳಗೆ ಕೂತ ಮೇಲೆ ಸೀರೆಯ ಸೆರಗು ಬಾಗಿಲಿಗೆ ಸಿಕ್ಕದ ಹಾಗೆ ಒಳಗೆ ಸರಿಸಿ, ಬಾಗಿಲು ಹಾಕಿದರು. ಬದಿಯಡ್ಕ ಕಳೆದ ಮೇಲೆ ಎಲ್ಲೆಲ್ಲಿ ಯಾವ ಗಿಯರ್ ಎಂದು ಪಾಠ ಮಾಡುತ್ತಾರೆ ಎಂದುಕೊಂಡಿದ್ದೆ, ಮಾಡಲಿಲ್ಲ.

"ಕೇಳಿತಾ? ಹೊರಟೆ" ಎಂದೆ.

"ಹೋಗಿ ಬಾ. ಮುಟ್ಟಿದ ಮೇಲೆ ಒಂದು ಫೋನ್ ಮಾಡು."

ಅವರು ಗೇಟು ತೆರೆದು ಬದಿಗೆ ಸರಿದು ನಿಂತರು. ನಮ್ಮ ಓಣಿ ಉದ್ದವೇನಿಲ್ಲ, ಮೂವತ್ತು ಹೆಜ್ಜೆಯಾದರೆ ಎಡಕ್ಕೆ ತಿರುವು. ಒಬ್ಬಳೇ ಹೋಗುವ ಖುಷಿಯಲ್ಲಿ ನನಗೆ ಸಣ್ಣ ಹುಡುಗಿಯ ಹಾಗೆ ಹಾಡಬೇಕು ಎನಿಸುತ್ತಿತ್ತು. ತಿರುವಿನ ಹತ್ತಿರ ಬಂದಾಗ, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದ ಹಾಗೆ, ಕನ್ನಡಿ ನೋಡಿದೆ. ಗೇಟಿನ ಎದುರು ಓಣಿಯ ನಡುವಿಗೆ ಬಂದು ಫೆಲಿಕ್ಸ್ ನಿಂತಿದ್ದರು. ಕೈ ಬೀಸುತ್ತಿರಲಿಲ್ಲ. ಕಾರನ್ನೇ ನೋಡುತ್ತಿದ್ದರು. ನಾನು ಸ್ಟಿಯರಿಂಗ್ ತಿರುಗಿಸತೊಡಗಿದಾಗ ಅವರ ಬಲಗಾಲು ಮೆಲ್ಲಗೆ ಮುಂದೆ ಬಂದು ಕೆಂಪು ಮಣ್ಣನ್ನು ಒತ್ತಿತು.

ನಾನು ಬ್ರೇಕ್ ಒತ್ತಿದೆ. ಆ ತಿರುವಿಗೆ ಅಷ್ಟೇನೂ ಬೇಕಿರಲಿಲ್ಲ.